ಮೊಲದ ಪಾಲು

ಮನೆಯೊಂದರಲ್ಲಿ ಯಜಮಾನಿಕೆ ಯಾರದು ಎಂಬುದನ್ನು ತಿಳಿಯಬೇಕಾದರೆ ಒಲೆಯ ಮುಂದೆ ನಿಂತವರನ್ನು ನೋಡಿದರೆ ಸಾಲದು. ಚೀಲ ಹಿಡಿದು ಸಂತೆಗೆ ಹೋಗುವವರು ಯಾರು ಎಂಬುದನ್ನು ನೋಡಬೇಕು. ಅಡುಗೆಯನ್ನು ಇನ್ನೊಬ್ಬರಿಂದ ಮಾಡಿಸಬಹುದು. ಆದರೆ ಬೆಂಡೆಯ ತುದಿಯನ್ನು ಮುರಿದು ನೋಡಿ, ಸೊಪ್ಪಿನ ಕಟ್ಟನ್ನು ಕೊಡವಿ ನೋಡಿ, “ಇದು ಇಂದಿಗೆ ಬೇಕು, ಅದು ಬೇಡ” ಎಂದು ತೀರ್ಮಾನಿಸುವ ಅಧಿಕಾರವನ್ನು ಯಾವ ಗೃಹಿಣಿಯೂ ಸುಲಭವಾಗಿ ಬಿಟ್ಟುಕೊಡಳು. ಬೇರೆಯವರು ಕೊಂಡು ತಂದುದನ್ನು ಉಣ್ಣುವವರು ಎಷ್ಟೇ ಪ್ರೀತಿಯ ಮನೆಯಲ್ಲಿದ್ದರೂ ಅತಿಥಿಗಳೇ ಸರಿ. ಅತಿಥಿಗೆ ಮರ್ಯಾದೆಯುಂಟು, ಅಧಿಕಾರವಿಲ್ಲ. ಪರದೇಶಕ್ಕೆ ಹೋದವರಿಗೆ ಈ ಮಾತು ಬಲು ಬೇಗ ಅರ್ಥವಾಗುವುದು.

ಹಾಸನದ ಸೀಮೆಯ ಒಂದು ಊರಿನಿಂದ, ವಯಸ್ಸು ಎಪ್ಪತ್ತನ್ನು ದಾಟಿದ ತಾಯಿಯೊಬ್ಬರು ಜರ್ಮನಿಯ ಫ್ರೈಬುರ್ಗ್ ನಗರದಲ್ಲಿರುವ ಮಗಳ ಮನೆಗೆ ಒಂದು ಏಪ್ರಿಲ್ ತಿಂಗಳ ಕೊನೆಯಲ್ಲಿ ಹೋದರು. ಬಂಧುಗಳನ್ನು ನೋಡಲು ಹೋಗುವವರಿಗೆ ಆ ದೇಶ ಕೊಡುವ ಅನುಮತಿ ತೊಂಬತ್ತು ದಿನಗಳದು. ಪತಿ ತೀರಿಹೋಗಿ ಎರಡು ವರ್ಷವಾಗಿತ್ತು. ಊರಿನ ಮನೆಯಲ್ಲಿ ಒಬ್ಬರೇ ಇದ್ದು ಒಬ್ಬರಿಗೆ ಅಡುಗೆ ಮಾಡಿಕೊಳ್ಳುವ ಬೇಸರವನ್ನು ಕಂಡ ಮಗಳು, ಮೂರು ತಿಂಗಳಾದರೂ ತನ್ನ ಬಳಿ ಇರಲೆಂದು ಕರೆಸಿಕೊಂಡಳು.

ಹೊರಡುವ ಮುನ್ನ ಪೆಟ್ಟಿಗೆ ತುಂಬುವಾಗಲೇ ತಾಯಿಗೆ ಮೊದಲನೆಯ ಪಾಠವಾಯಿತು. ಬೆಣ್ಣೆ ಕಾಯಿಸಿ ಡಬ್ಬಿಯಲ್ಲಿ ತುಂಬಿದ ತುಪ್ಪವನ್ನು ಒಯ್ಯುವಂತಿಲ್ಲ. ಹಾಲಿನ ಪದಾರ್ಥಗಳನ್ನೂ ಮಾಂಸದ ಪದಾರ್ಥಗಳನ್ನೂ ಪ್ರಯಾಣಿಕರು ಹೊರದೇಶದಿಂದ ತರಕೂಡದೆಂದು ಯೂರೋಪಿನ ಒಕ್ಕೂಟದ ಕಟ್ಟಳೆ. ಹಿತ್ತಲಿನ ಕರಿಬೇವಿಗೂ ಪ್ರವೇಶವಿಲ್ಲ. 2019ರ ಡಿಸೆಂಬರಿನಿಂದ ಹಸಿಯ ಹಣ್ಣು ತರಕಾರಿಗಳಿಗೆ ರೋಗವಿಲ್ಲವೆಂಬ ಸರಕಾರಿ ಪತ್ರ ಬೇಕು. ಪತ್ರವಿಲ್ಲದೆ ಹೋಗಬಹುದಾದವು ಐದು ಮಾತ್ರ: ಬಾಳೆ, ತೆಂಗು, ಅನಾನಸು, ಖರ್ಜೂರ, ದುರಿಯನ್. “ಬಾಳೆಹಣ್ಣೂ ತೆಂಗಿನಕಾಯಿಯೂ ಹೋಗಬಹುದೆಂದರೆ ಆ ಊರಿನ ಅಧಿಕಾರಿಗಳು ದೇವಸ್ಥಾನಕ್ಕೆ ಹೋಗುವವರೇ ಇರಬೇಕು” ಎಂದು ತಾಯಿ ನಕ್ಕರು. ಸಾರಿನ ಪುಡಿ, ಹುಣಿಸೆಹಣ್ಣು, ರಾಗಿಹಿಟ್ಟು, ಹಪ್ಪಳ ಇಷ್ಟು ಪೆಟ್ಟಿಗೆ ಸೇರಿದವು. ತುಪ್ಪ ಪಕ್ಕದ ಮನೆಯ ಪಾಲಾಯಿತು.

ಫ್ರೈಬುರ್ಗ್ ಜರ್ಮನಿಯ ನೈರುತ್ಯದ ಮೂಲೆಯಲ್ಲಿ, ಕಪ್ಪು ಕಾಡು ಎಂಬ ಅರ್ಥದ ಹೆಸರುಳ್ಳ ಬೆಟ್ಟಸಾಲಿನ ಅಡಿಯಲ್ಲಿದೆ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಎರಡೂ ಅಲ್ಲಿಗೆ ಹತ್ತಿರ. ಹಳೆಯ ಪೇಟೆಯ ಬೀದಿಗಳ ಅಂಚಿನಲ್ಲಿ, ಕಲ್ಲು ಕಟ್ಟಿದ ಸಣ್ಣ ಕಾಲುವೆಗಳಲ್ಲಿ ತಿಳಿನೀರು ಹರಿಯುತ್ತದೆ. ಮಕ್ಕಳು ಅದರಲ್ಲಿ ಮರದ ದೋಣಿಗಳನ್ನು ಬಿಟ್ಟು ಆಡುವರು. ಊರು ತಾಯಿಗೆ ಹಿಡಿಸಿತು. ಮನೆಯೂ ಹಿಡಿಸಿತು. ಮಗಳು, ಅಳಿಯ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಡುವರು; ಎಂಟು ವರ್ಷದ ಮೊಮ್ಮಗಳು ಶಾಲೆಗೆ ಹೋಗುವಳು. ಆಮೇಲೆ ಮನೆಯಲ್ಲಿ ಉಳಿಯುವವರು ತಾಯಿ ಒಬ್ಬರೇ.

ನಲವತ್ತೈದು ವರ್ಷ ಒಂದು ಅಡುಗೆಮನೆಯನ್ನು ಆಳಿದವರು ಈ ಅಡುಗೆಮನೆಯಲ್ಲಿ ಏನು ಮಾಡಲೂ ತೋರದೆ ನಿಂತರು. ತಣ್ಣನೆಯ ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಹತ್ತಾರು ಪೊಟ್ಟಣಗಳು. ಒಂದರ ಮೇಲೂ ಓದಲು ಬರುವ ಮಾತಿಲ್ಲ. ಮೂರನೆಯ ದಿನ ಕಾಫಿಗೆಂದು ಹಾಲಿನ ಪೊಟ್ಟಣವನ್ನು ಒಡೆದು ಬಿಸಿ ಡಿಕಾಕ್ಷನ್ನಿಗೆ ಸುರಿದರು. ಕಾಫಿ ಒಡೆದು ಗಸಿಗಸಿಯಾಯಿತು. ಅದು ಹಾಲಲ್ಲ, ಮಜ್ಜಿಗೆ. ಹಾಲಿನಂತೆಯೇ ಪೊಟ್ಟಣ, ಹಾಲಿನಂತೆಯೇ ಬಣ್ಣ; ಹೆಸರಿನಲ್ಲಿ ಮಾತ್ರ ‘ಬುಟ್ಟರ್’ ಎಂಬ ಒಂದು ಪದ ಹೆಚ್ಚು. ಆ ದಿನ ಸಂಜೆ ಮಗಳು ನಕ್ಕು, “ಅಮ್ಮ, ನೀನು ಏನೂ ಮಾಡಬೇಡ. ಡಬ್ಬಿಯಲ್ಲಿ ಇಟ್ಟುಹೋಗುತ್ತೇನೆ, ಬಿಸಿ ಮಾಡಿಕೊಂಡು ಊಟಮಾಡು” ಎಂದಳು. ಅದು ಪ್ರೀತಿಯ ಮಾತು. ಆದರೂ ತಾಯಿಗೆ ಅಂದು ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲನೆಯ ಭಾನುವಾರ ಮನೆಯಲ್ಲಿ ಮೊಸರು ಮುಗಿದಿತ್ತು. “ಅಂಗಡಿಯಿಂದ ತರಬಾರದೆ?” ಎಂದರೆ ಅಂಗಡಿಗಳಿಗೆ ಬೀಗ. ಆ ದೇಶದಲ್ಲಿ ಭಾನುವಾರದ ವಿರಾಮಕ್ಕೆ ರಾಜ್ಯಾಂಗದ ರಕ್ಷಣೆಯುಂಟು. 1919ರ ರಾಜ್ಯಾಂಗದಲ್ಲಿದ್ದ ಮಾತನ್ನು 1949ರ ರಾಜ್ಯಾಂಗವೂ ಹಾಗೆಯೇ ಉಳಿಸಿಕೊಂಡಿದೆ. ರೊಟ್ಟಿಯಂಗಡಿಗಳು ಕೆಲವು ಬೆಳಗ್ಗೆ ಒಂದೆರಡು ಗಳಿಗೆ ತೆರೆದಿರುವುವು. ರೈಲು ನಿಲ್ದಾಣದಲ್ಲಿ ಏನಾದರೂ ಸಿಕ್ಕೀತು. ಮಿಕ್ಕ ಊರೆಲ್ಲ ಕದ ಹಾಕಿಕೊಂಡು ಮಲಗುವುದು. ಆದುದರಿಂದ ಶನಿವಾರವೇ ಎರಡು ದಿನದ ಲೆಕ್ಕ ಹಾಕದ ಮನೆಯವರು ಭಾನುವಾರ ಒಣ ರೊಟ್ಟಿಗೆ ಬೀಳಬೇಕು. ನಾಳೆಯ ಮೊಸರಿಗೆ ಇಂದೇ ಹೆಪ್ಪು ಹಾಕುವ ವಿದ್ಯೆಯನ್ನು ಬಲ್ಲ ತಾಯಿಗೆ ಇದು ಕಷ್ಟದ ಲೆಕ್ಕವಲ್ಲ. ಆದರೆ ಅವರನ್ನು ಆ ಲೆಕ್ಕ ಕೇಳುವವರು ಯಾರು?

ಕೇಳಿದವಳು ಮೊಮ್ಮಗಳು. ಕನ್ನಡದಲ್ಲಿ ಕೇಳಿದುದಕ್ಕೆ ಜರ್ಮನಿನಲ್ಲಿ ಉತ್ತರ ಕೊಡುವ ಆ ಹುಡುಗಿಗೆ ಅಜ್ಜಿಯ ಅನಕ್ಷರತೆ ಒಂದು ದೊಡ್ಡ ವಿನೋದವಾಯಿತು. ಅಜ್ಜಿ ಕನ್ನಡದಲ್ಲಿ ಕುಮಾರವ್ಯಾಸನನ್ನು ಓದಬಲ್ಲವರು; ಇಲ್ಲಿ ಉಪ್ಪಿನ ಪೊಟ್ಟಣವನ್ನು ಓದಲಾರರು. ಹುಡುಗಿ ಉಪಾಧ್ಯಾಯಿನಿಯಾದಳು. ಶಾಲೆಯಿಂದ ಬಂದವಳು ಮೇಜಿನ ಮೇಲೆ ಪೊಟ್ಟಣಗಳನ್ನು ಸಾಲಾಗಿ ಇಟ್ಟು ಬೆರಳಿಟ್ಟು ಓದಿಸುವಳು. ಮೊಟ್ಟೆಗೆ ಆ ಭಾಷೆಯಲ್ಲಿ ‘ಐ’ ಎಂದು ಹೆಸರು. “ಅ ಆ ಇ ಈ ಕಲಿಸುವಾಗ ಎಷ್ಟು ಸಲ ಬರೆದಿದ್ದೇನೆ, ಅದು ಮೊಟ್ಟೆಯೆಂದು ಗೊತ್ತಿರಲಿಲ್ಲ” ಎಂದರು ಅಜ್ಜಿ. ಹಾಲು, ಮೊಟ್ಟೆ, ಸಾಸಿವೆ, ಎಳ್ಳು ಮುಂತಾಗಿ ಕೆಲವರ ಮೈಗೆ ಒಗ್ಗದ ಪದಾರ್ಥಗಳನ್ನು ಪೊಟ್ಟಣದ ಮೇಲೆ ಎದ್ದುಕಾಣುವಂತೆ ಅಚ್ಚುಹಾಕಬೇಕೆಂಬ ಕಾನೂನು 2014ರ ಡಿಸೆಂಬರಿನಿಂದ ಅಲ್ಲಿ ಜಾರಿಯಲ್ಲಿದೆ. ಆ ಕಾನೂನನ್ನು ಮಾಡಿದವರ ಉದ್ದೇಶ ಬೇರೆ. ಶಾಕಾಹಾರಿಯಾದ ಅಜ್ಜಿಗೆ ಮೊಟ್ಟೆಯನ್ನು ದೂರದಿಂದಲೇ ಗುರುತಿಸಲು ಅದು ಒದಗಿತು. ಹಂದಿಯ ಕೊಬ್ಬಿಗೆ ‘ಶ್ಮಾಲ್ಟ್ಸ್’, ಅದರ ಉಪ್ಪುಗಟ್ಟಿದ ಮಾಂಸಕ್ಕೆ ‘ಶ್ಪೆಕ್’, ಮಿಠಾಯಿಯಲ್ಲಿ ಅಡಗಿರುವ ಮೂಳೆಯ ಅಂಟಿಗೆ ‘ಗೆಲಟೀನೆ’. ಹೀಗೆ ಒಂದು ಹತ್ತು ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದ ಚೀಟಿ ತಾಯಿಯ ಸೆರಗಿನ ಗಂಟನ್ನು ಸೇರಿತು.

ಆ ಚೀಟಿಯನ್ನು ಹಿಡಿದು ಅವರು ಮೊಟ್ಟಮೊದಲು ಒಬ್ಬರೇ ಹೋದದ್ದು ಬೀದಿಯ ಕೊನೆಯ ಅಂಗಡಿಗೆ. ಮೊಸರು ಅಲ್ಲಿ ಗಾಜಿನ ಜಾಡಿಯಲ್ಲಿ ಬರುತ್ತದೆ. ಜಾಡಿಗೆ 15 ಸೆಂಟು ಠೇವಣಿ. ಬರಿಯ ಜಾಡಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಇಟ್ಟರೆ ಅದು ಒಳಕ್ಕೆ ಎಳೆದುಕೊಂಡು ಚೀಟಿಯೊಂದನ್ನು ಕೊಡುವುದು. ಚೀಟಿಯನ್ನು ತೋರಿಸಿದರೆ ಹಣ ಬರುವುದು. ನಾಲ್ಕು ಜಾಡಿಗೆ 60 ಸೆಂಟನ್ನು ಸಂಪಾದಿಸಿ ತಂದ ದಿನ ತಾಯಿ ಆ ನಾಣ್ಯಗಳನ್ನು ದೇವರ ಮುಂದಿಟ್ಟರು. ಅಳಿಯ ಅದನ್ನು ನೋಡಿ ನಗಲಿಲ್ಲ, ಆತ ಒಳ್ಳೆಯವನು.

ಮುಂದಿನ ಹೆಜ್ಜೆ ಸಂತೆ. ಹಳೆಯ ಪೇಟೆಯ ನಡುವೆ ‘ಮ್ಯುನ್‌ಸ್ಟರ್’ ಎಂಬ ಕ್ರೈಸ್ತ ದೇವಾಲಯವಿದೆ. ಸುಮಾರು 1200ರಲ್ಲಿ ಆರಂಭವಾದ ಅದರ ಕಟ್ಟಡ 1513ರಲ್ಲಿ ಮುಗಿಯಿತು. ಗೋಪುರದ ಎತ್ತರ 116 ಮೀಟರು. ಅದರ ಸುತ್ತಲಿನ ಕಲ್ಲುಹಾಸಿನ ಬಯಲಿನಲ್ಲಿ ಭಾನುವಾರವೊಂದನ್ನು ಬಿಟ್ಟು ದಿನವೂ ಬೆಳಗ್ಗೆ ಸಂತೆ ಸೇರುತ್ತದೆ. ಉತ್ತರದ ಬದಿಯಲ್ಲಿ ಸುತ್ತಲ ಹಳ್ಳಿಗಳ ರೈತರು ತಾವು ಬೆಳೆದುದನ್ನು ತಂದು ಮಾರುವರು. ದಕ್ಷಿಣದ ಬದಿ ವ್ಯಾಪಾರಿಗಳದು. ಊರೇ ಹುಟ್ಟಿದ್ದು ಸಂತೆಯಿಂದ; 1120ರಲ್ಲಿ ಆ ಸೀಮೆಯ ಒಡೆಯನು ಸಂತೆ ನಡೆಸುವ ಹಕ್ಕನ್ನು ಕೊಟ್ಟಂದಿನಿಂದ ಅದರ ಚರಿತ್ರೆ.

ದೇವಾಲಯದ ಮುಂಬಾಗಿಲಿನ ಗೋಡೆಯಲ್ಲಿ ಮೊಮ್ಮಗಳು ಅಜ್ಜಿಗೆ ಒಂದು ವಿಚಿತ್ರವನ್ನು ತೋರಿಸಿದಳು. ಕಲ್ಲಿನಲ್ಲಿ ಬಟ್ಟೆ ಅಳೆಯುವ ಮೊಳದ ಗುರುತು, ಇದ್ದಲಿನ ಅಳತೆಯ ಗುರುತು. ಅವುಗಳ ಜೊತೆಗೆ ರೊಟ್ಟಿಯ ಗಾತ್ರದ ಗೆರೆಗಳು, ಒಂದೊಂದರ ಬಳಿ ಒಂದೊಂದು ವರ್ಷ: 1270, 1317, 1320. ಆ ಕಾಲದ ಯೂರೋಪಿನ ಊರುಗಳಲ್ಲಿ ರೊಟ್ಟಿಯ ಬೆಲೆಯನ್ನು ಹೆಚ್ಚಿಸುತ್ತಿರಲಿಲ್ಲ; ಧಾನ್ಯ ತುಟ್ಟಿಯಾದರೆ ರೊಟ್ಟಿಯನ್ನು ಕಿರಿದು ಮಾಡುತ್ತಿದ್ದರು. 1315ರಿಂದ 1317ರವರೆಗೆ ಉತ್ತರ ಯೂರೋಪು ಮಳೆ ಮಿತಿಮೀರಿ ಬೆಳೆ ಕೊಳೆತು ಘೋರ ಕ್ಷಾಮವನ್ನು ಕಂಡಿತು. ಮೋಸಹೋದೆನೆಂದು ತೋರಿದವರು ತಮ್ಮ ರೊಟ್ಟಿಯನ್ನು ದೇವರ ಬಾಗಿಲಿಗೇ ತಂದು ಗೋಡೆಗೆ ಹಿಡಿದು ನೋಡಬಹುದಾಗಿತ್ತು. ತಾಯಿ ಬಹಳ ಹೊತ್ತು ಆ ಗೆರೆಗಳ ಮೇಲೆ ಬೆರಳಾಡಿಸುತ್ತ ನಿಂತರು. “ದೇವರ ಮನೆಯಲ್ಲಿ ಸೇರು ಪಾವು ಇಟ್ಟವರು ಹಸಿವನ್ನು ಕಂಡವರೇ ಸರಿ” ಎಂದರು.

ಅಳತೆಯ ವಿಷಯದಲ್ಲಿ ಇನ್ನೊಂದು ಸಾಮ್ಯವನ್ನೂ ಅವರು ಕಂಡುಕೊಂಡರು. ಆ ದೇಶದ ಲೆಕ್ಕ ಗ್ರಾಮು ಕಿಲೋಗಳಲ್ಲಿ. ಆದರೂ ಸಂತೆಯಲ್ಲಿ ಜನ ಕೇಳುವುದು ‘ಒಂದು ಪ್ಫುಂಡ್’ ಎಂದು. ಅರ್ಧ ಕಿಲೋವಿಗೆ ಹಳೆಯ ಹೆಸರು ಇನ್ನೂ ನಿಂತಿದೆ. 1956ರ ಕಾನೂನು ಬಂದ ಮೇಲೂ ಕನ್ನಡನಾಡಿನ ಅಡುಗೆಮನೆಗಳಲ್ಲಿ ಅಕ್ಕಿಗೆ ಪಾವು ಹೋಗಿಲ್ಲವಷ್ಟೆ. ‘ಐನ್ ಪ್ಫುಂಡ್’ ಎಂಬ ಮಾತನ್ನು ತಾಯಿ ಒಂದೇ ದಿನದಲ್ಲಿ ಕಲಿತರು. ಮೇ ತಿಂಗಳಲ್ಲಿ ಅಲ್ಲಿಯ ಸಂತೆಯ ತುಂಬ ಬಿಳಿಯ ಶತಾವರಿಯ ದಂಟುಗಳು. ಜೂನ್ 24ಕ್ಕೆ ಅದರ ಕೊಯ್ಲನ್ನು ನಿಲ್ಲಿಸುವುದು ವಾಡಿಕೆ, ಮುಂದಿನ ವರ್ಷಕ್ಕೆ ಗಿಡದಲ್ಲಿ ಶಕ್ತಿ ಉಳಿಯಲೆಂದು. ಜನ ಅದಕ್ಕೆ ಮುಗಿಬೀಳುವರು. ತಾಯಿಗೆ ಅದರಲ್ಲಿ ರುಚಿ ಕಾಣಲಿಲ್ಲ. ಅವರ ಕಣ್ಣು ನೆಟ್ಟದ್ದು ನವಿಲುಕೋಸಿನ ಮೇಲೆ.

ನವಿಲುಕೋಸು ಅಲ್ಲಿ ಎಲೆಯ ಸಮೇತ ಬರುತ್ತದೆ. ಎಳೆಯ, ದಪ್ಪನೆಯ, ನೀರು ಚಿಮುಕಿಸಿದ ಎಲೆಗಳು. ಕೊಳ್ಳುವವರು ಗೆಡ್ಡೆಯನ್ನು ಆರಿಸಿ ಕೊಡುವರು; ಮಾರುವವಳು ಎಲೆಗಳನ್ನು ತಿರುಚಿ ಕಿತ್ತು ಪಕ್ಕದ ಮರದ ಪೆಟ್ಟಿಗೆಗೆ ಎಸೆಯುವಳು. ತಾಯಿ ಒಂದು ಗಳಿಗೆ ನಿಂತು ನೋಡಿದರು. ಪೆಟ್ಟಿಗೆ ತುಂಬುತ್ತಿತ್ತು. ಆರು ಜನರ ಮನೆಗೆ ಎರಡು ದಿನದ ಸೊಪ್ಪು. ಅವರಿಗೆ ತಡೆಯಲಾಗಲಿಲ್ಲ. ಎರಡು ಗೆಡ್ಡೆ ಕೊಂಡು, ಪೆಟ್ಟಿಗೆಯ ಕಡೆ ಬೆರಳು ತೋರಿಸಿ, ಕೈಚೀಲವನ್ನು ಅಗಲಿಸಿ ಹಿಡಿದರು. ಮಾರುವಾಕೆ ಐವತ್ತೈದರ ಸುಮಾರಿನ ಗಟ್ಟಿಮುಟ್ಟಾದ ರೈತಹೆಂಗಸು. ಆಕೆ ಮುಗುಳ್ನಕ್ಕು ಏನೋ ಕೇಳಿದಳು. ಅದರಲ್ಲಿ ‘ಹಾಝೆನ್’ ಎಂಬ ಮಾತಿತ್ತು. ತಾಯಿ ತಮಗೆ ಬರುವ ಉತ್ತರವನ್ನು ಕೊಟ್ಟರು: “ಯಾ.” ಚೀಲ ತುಂಬಿತು, ಕಾಸು ಕೇಳಲಿಲ್ಲ.

ಆ ದಿನ ಸಂಜೆ ಮಗಳ ಮನೆಯಲ್ಲಿ ಬಸ್ಸಾರು ಆಯಿತು. ಅಲ್ಲಿಯ ಕಂದು ಮಸೂರಬೇಳೆಯೊಡನೆ ಸೊಪ್ಪನ್ನು ಬೇಯಿಸಿ ಬಸಿದು, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಿಸೆಹಣ್ಣು ಸೇರಿಸಿ ಅರೆದ ಖಾರವನ್ನು ಕಟ್ಟಿಗೆ ಕೂಡಿಸಿ ಕುದಿಸಿದರು. ಬಸಿದ ಸೊಪ್ಪು ಪಲ್ಯವಾಯಿತು. ಪೆಟ್ಟಿಗೆಯ ರಾಗಿಹಿಟ್ಟು ಮುದ್ದೆಯಾಯಿತು. ಮಗಳು ಬಾಗಿಲಲ್ಲಿ ಕಾಲಿಡುತ್ತಲೇ ವಾಸನೆ ಹಿಡಿದು ಚೀಲವನ್ನು ನೆಲಕ್ಕೆ ಬಿಟ್ಟು ನಿಂತಳು. ಅಂದು ಅವಳು ಮೂರು ಸಲ ಬಡಿಸಿಕೊಂಡಳು. ಸೊಪ್ಪು ಎಲ್ಲಿಯದೆಂದು ಯಾರೂ ಕೇಳಲಿಲ್ಲ. ತಾಯಿ ಹೇಳಲೂ ಇಲ್ಲ. ಅಂದಿನಿಂದ ವಾರಕ್ಕೆರಡು ಸಲ ಸಂತೆ. ರೈತಹೆಂಗಸು ತಾಯಿಯನ್ನು ಕಂಡೊಡನೆ ಎಲೆಯ ಕಟ್ಟನ್ನು ಮೇಜಿನ ಕೆಳಗಿನಿಂದ ತೆಗೆಯುವಳು. ಮೂಲಂಗಿಯ ಸೊಪ್ಪನ್ನೂ ಸೇರಿಸುವಳು. ಮನೆಯ ಸಾಮಾನಿನ ಪಟ್ಟಿ ಮೆಲ್ಲಗೆ ತಾಯಿಯ ಕೈಗೆ ಬಂದಿತು. ಭಾನುವಾರಕ್ಕೆ ಮೊಸರು ಇಲ್ಲವೆಂಬ ಮಾತು ನಿಂತುಹೋಯಿತು.

ಜೂನ್ ತಿಂಗಳ ಒಂದು ಶನಿವಾರ ಮಗಳೂ ಜೊತೆಗೆ ಬಂದಳು. ರೈತಹೆಂಗಸು ಕಟ್ಟನ್ನು ಕೊಡುತ್ತ ಮಗಳೊಡನೆ ಸಂತೋಷದಿಂದ ಏನೋ ಹೇಳಿದಳು. ಮಗಳ ಮುಖ ಕೆಂಪಾಯಿತು. ಸಣ್ಣ ಧ್ವನಿಯಲ್ಲಿ ಉತ್ತರವಿತ್ತು ತಾಯಿಯ ತೋಳು ಹಿಡಿದು ಹೊರಟಳು. ದಾರಿಯಲ್ಲಿ ಮಾತಿಲ್ಲ. ಮನೆಗೆ ಬಂದ ಮೇಲೆ ಹೇಳಿದಳು.

“ಅಮ್ಮ, ‘ಹಾಝೆ’ ಎಂದರೆ ಮೊಲ. ನಿನ್ನ ಮೊಲಗಳು ಚೆನ್ನಾಗಿವೆಯೆ ಎಂದು ಕೇಳಿದಳು. ಈ ಎಲೆಯನ್ನು ಇಲ್ಲಿ ಯಾರೂ ತಿನ್ನುವುದಿಲ್ಲ. ಮೊಲ ಸಾಕಿದವರು ಕೇಳಿ ಒಯ್ಯುತ್ತಾರೆ.”

ತಾಯಿಗೆ ನಗು ಬಂದಿತು. ಮಗಳಿಗೆ ಬರಲಿಲ್ಲ.

“ಹದಿನಾರು ವರ್ಷದಿಂದ ಈ ಊರಿನಲ್ಲಿ ತಲೆಯೆತ್ತಿಕೊಂಡು ಬಾಳಿದ್ದೇವೆ. ಅವರು ಬಿಸಾಡುವುದನ್ನು ತಂದು ತಿನ್ನುವವರು ಎಂದು ತಿಳಿದರೆ ಏನೆಂದುಕೊಂಡಾರು? ನಿನಗೆ ಏನು ಬೇಕೋ ಹೇಳು, ದುಡ್ಡು ಕೊಟ್ಟು ತರುತ್ತೇನೆ.”

“ಬಿಸಾಡಿದ್ದಲ್ಲ ಕಣೆ, ಕೇಳಿ ತಂದದ್ದು,” ಎಂದರು ತಾಯಿ. ಮತ್ತೆ ಮಾತನಾಡಲಿಲ್ಲ.

ಅನಂತರ ಮೂರು ದಿನ ಅವರು ಅಂಗಡಿಗೂ ಹೋಗಲಿಲ್ಲ, ಸಂತೆಗೂ ಹೋಗಲಿಲ್ಲ. ಡಬ್ಬಿಯಲ್ಲಿ ಇಟ್ಟುದನ್ನು ಬಿಸಿ ಮಾಡಿಕೊಂಡು ಉಂಡರು. ತೊಂಬತ್ತು ದಿನಗಳಲ್ಲಿ ಇನ್ನೆಷ್ಟು ಉಳಿದಿವೆ ಎಂದು ಕ್ಯಾಲೆಂಡರಿನಲ್ಲಿ ಎಣಿಸಿದರು. ಮಗಳು ಇದನ್ನು ಕಾಣದವಳಲ್ಲ. ಆದರೆ ಹೇಗೆ ಹಿಂದೆಗೆಯಬೇಕೆಂದು ತಿಳಿಯದು. ಬಡತನವನ್ನು ದಾಟಿ ಬಂದವರಿಗೆ ಅದು ಮತ್ತೆ ಬೆನ್ನಟ್ಟೀತೆಂಬ ಭಯಕ್ಕಿಂತ, ಅದನ್ನು ಯಾರಾದರೂ ಗುರುತಿಸಿಯಾರೆಂಬ ಭಯ ಹೆಚ್ಚು. ಸೊಪ್ಪು ತಾಯಿಗೆ ಊಟ. ಮಗಳಿಗೆ ಅದು ಹಳೆಯ ಗುರುತು.

ನಾಲ್ಕನೆಯ ದಿನ ತಾಯಿ ಎದ್ದು, ಮನೆಯಲ್ಲಿ ಉಳಿದಿದ್ದ ಸೊಪ್ಪಿನಲ್ಲಿ ಪಲ್ಯ ಮಾಡಿ, ಕಾಯಿತುರಿ ಉದುರಿಸಿ, ಒಂದು ಡಬ್ಬಿಗೆ ತುಂಬಿದರು. ಶಾಲೆಗೆ ರಜವಿದ್ದ ಮೊಮ್ಮಗಳ ಕೈ ಹಿಡಿದು ಸಂತೆಗೆ ಹೋದರು. ರೈತಹೆಂಗಸಿನ ಮುಂದೆ ಡಬ್ಬಿಯನ್ನಿಟ್ಟು, “ಹೇಳು” ಎಂದರು. ಹುಡುಗಿ ಮಕ್ಕಳಿಗೆ ಸಹಜವಾದ ನಿರ್ದಾಕ್ಷಿಣ್ಯದಿಂದ ಹೇಳಿದಳು: “ನಮ್ಮ ಮನೆಯಲ್ಲಿ ಮೊಲವೇ ಇಲ್ಲ. ಎಲ್ಲವನ್ನೂ ಅಜ್ಜಿಯೇ ತಿಂದದ್ದು. ನಾನೂ ತಿಂದೆ.”

ರೈತಹೆಂಗಸು ಪಕ್ಕದ ಅಂಗಡಿಯವರೆಲ್ಲ ತಿರುಗಿ ನೋಡುವಂತೆ ನಕ್ಕಳು. ಆಮೇಲೆ ಒಂದು ತುಂಡು ರೊಟ್ಟಿಯ ಮೇಲೆ ಪಲ್ಯವನ್ನು ಹರಡಿ ಬಾಯಿಗಿಟ್ಟಳು. ಮತ್ತೊಂದು ತುಂಡಿಗೆ ಕೈ ಹಾಕಿದಳು. ನಗು ನಿಂತಿತು. ಮೆಲ್ಲಗೆ ಏನೋ ಹೇಳತೊಡಗಿದಳು; ಹುಡುಗಿ ತನಗೆ ತಿಳಿದಷ್ಟನ್ನು ಕನ್ನಡಕ್ಕೆ ತಂದಳು.

“ಅಜ್ಜೀ, ಇವರ ಅಜ್ಜಿಯೂ ಇದನ್ನೇ ತಿನ್ನುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ. ಬೇರೆ ಏನೂ ಇರಲಿಲ್ಲವಂತೆ.”

ಉಳಿದುದನ್ನು ಕೇಳಿ ತಿಳಿದವಳು ಮಗಳು. ಹುಡುಗಿ ಅರ್ಧ ಹೇಳಿದ ಕಥೆಯ ಪೂರ್ತಿಯನ್ನು ತಿಳಿಯುವುದಕ್ಕಾಗಿಯೇ ಆ ಶನಿವಾರ ಅವಳು ಸಂತೆಗೆ ಹೋದಳು. 1944ರ ನವೆಂಬರ್ 27ರ ರಾತ್ರಿ ಬಿದ್ದ ಬಾಂಬುಗಳಿಂದ ಹಳೆಯ ಪೇಟೆಯ ಬಹುಭಾಗ ಹಾಳಾಯಿತು. ದೇವಾಲಯದ ಗೋಪುರ ಮಾತ್ರ ಅವಶೇಷಗಳ ನಡುವೆ ನೆಟ್ಟಗೆ ನಿಂತಿತು. ಯುದ್ಧಾನಂತರ ಆ ಸೀಮೆ ಫ್ರೆಂಚರ ಅಧೀನದಲ್ಲಿತ್ತು. ಪಡಿತರ ಚೀಟಿಗೆ ಸಿಗುತ್ತಿದ್ದುದು ಹೊಟ್ಟೆಗೆ ಸಾಲದು. 1946-47ರ ಚಳಿಗಾಲವಂತೂ ಹಸಿವಿನ ಚಳಿಗಾಲವೆಂದೇ ಹೆಸರಾಯಿತು. ರೈತಹೆಂಗಸಿನ ಅಜ್ಜಿ ಆಗ ಪೇಟೆಯ ಹುಡುಗಿ. ಹಳ್ಳಿಹಳ್ಳಿಗೆ ನಡೆದು ಆಲೂಗೆಡ್ಡೆ ಬೇಡಿ ತರುತ್ತಿದ್ದಳು. ವಸಂತದಲ್ಲಿ ತುರಿಕೆಸೊಪ್ಪು, ಕೋಸಿನ ಎಲೆ, ಕೈಗೆ ಸಿಕ್ಕಿದ ಹಸಿರನ್ನೆಲ್ಲ ಉಪ್ಪುನೀರಿನಲ್ಲಿ ಬೇಯಿಸುತ್ತಿದ್ದರು. ಅವಳು ಹಳ್ಳಿಯವನನ್ನು ಮದುವೆಯಾದ ಮೇಲೆ ಮನೆಯಲ್ಲಿ ಎಂದೂ ಕೋಸಿನ ಎಲೆಯನ್ನು ಬೇಯಿಸಗೊಡಲಿಲ್ಲವಂತೆ. “ಇನ್ನು ಅದು ಮೊಲದ ಪಾಲು” ಎನ್ನುತ್ತಿದ್ದಳಂತೆ. ಅದು ಇಷ್ಟು ರುಚಿಯಾಗಬಹುದೆಂದು ಅಜ್ಜಿಗೆ ಗೊತ್ತಿದ್ದಿದ್ದರೆ, ಎಂದು ರೈತಹೆಂಗಸು ಮಾತು ನಿಲ್ಲಿಸಿದಳು.

ಇದನ್ನು ಕೇಳಿದ ತಾಯಿಗೆ ತಮ್ಮ ತಾಯಿಯ ನೆನಪಾಯಿತು. ಅದೇ ಯುದ್ಧದ ಕಾಲದಲ್ಲಿ ಮೈಸೂರು ಸೀಮೆಯಲ್ಲಿಯೂ ಅಕ್ಕಿರಾಗಿಗೆ ಪಡಿತರ ಬಂದಿತ್ತು. ಹೊಲದ ಬದುವಿನ ಸೊಪ್ಪನ್ನು ಮಡಿಲಲ್ಲಿ ತುಂಬಿ ತಂದು ಮಕ್ಕಳನ್ನು ಸಾಕಿದ ಕಥೆಯನ್ನು ಆಕೆಯೂ ಹೇಳುತ್ತಿದ್ದರು. ಹೇಳುವಾಗ ಆಕೆಗೆ ನಾಚಿಕೆಯಿರಲಿಲ್ಲ. ಯಾವ ಸೊಪ್ಪಿಗೆ ಯಾವ ಒಗ್ಗರಣೆ ಹೊಂದುವುದೆಂಬ ಜಾಣತನದ ಹೆಮ್ಮೆಯಿತ್ತು. ಒಂದೇ ಹಸಿವು ಒಬ್ಬಳಿಗೆ ಆ ಸೊಪ್ಪನ್ನು ಜನ್ಮಕ್ಕೆ ಬೇಡವೆನಿಸಿತು. ಇನ್ನೊಬ್ಬಳಿಗೆ ಅದೇ ಕೈಗೆ ವಿದ್ಯೆಯಾಯಿತು. ಯಾರದು ಸರಿ ಎಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ. ತಾಯಿ ಮಗಳಿಗೆ ಇಷ್ಟನ್ನು ಮಾತ್ರ ಹೇಳಿದರು: “ನಿನ್ನ ಸಂಕೋಚ ನನಗೆ ಅರ್ಥವಾಗುತ್ತದೆ, ಮಗಳೆ. ಆದರೆ ಒಳ್ಳೆಯ ಸೊಪ್ಪನ್ನು ಬಿಟ್ಟು ಬರಲು ನನ್ನ ಕೈಗೆ ಬರುವುದಿಲ್ಲ.” ಮಗಳು ಉತ್ತರ ಕೊಡಲಿಲ್ಲ; ಎದ್ದು ಹೋಗಿ ಬೆಳ್ಳುಳ್ಳಿ ಬಿಡಿಸುತ್ತ ಕುಳಿತಳು.

ಜುಲೈ ಕೊನೆಯಲ್ಲಿ ತಾಯಿ ಹಿಂದಿರುಗಿದರು. ಹೊರಡುವ ಹಿಂದಿನ ಶನಿವಾರ ರೈತಹೆಂಗಸು ಒಂದು ಬುಟ್ಟಿ ಚೆರಿಹಣ್ಣನ್ನು ಕೊಟ್ಟು ದುಡ್ಡು ಬೇಡವೆಂದಳು. ತಾಯಿ ಒಪ್ಪಲಿಲ್ಲ; ಸೊಪ್ಪನ್ನು ಕೇಳಿ ಪಡೆಯಬಹುದು, ಹಣ್ಣಿಗೆ ಬೆಲೆ ಕೊಡಬೇಕು ಎಂಬುದು ಅವರ ನ್ಯಾಯ. ಬಹಳ ಹೊತ್ತು ಕೈಸನ್ನೆಯಲ್ಲಿ ವಾದ ನಡೆದು, ಕೊನೆಗೆ ಅರ್ಧ ಬೆಲೆಗೆ ತೀರ್ಮಾನವಾಯಿತು. ಒಂದು ಊರಿನಲ್ಲಿ ಚೌಕಾಸಿ ಮಾಡಿ ಗೆದ್ದವರನ್ನು ಆ ಊರಿನ ಅತಿಥಿಯೆಂದು ಹೇಳಲಾಗದು.

ಆಗಸ್ಟ್ ತಿಂಗಳ ಒಂದು ಶನಿವಾರ ಹಾಸನದ ಸೀಮೆಯ ಆ ಮನೆಯಲ್ಲಿ ದೂರವಾಣಿ ಮೊಳಗಿತು. ಆಚೆಯಿಂದ ಮಗಳು. ಕ್ಷೇಮಸಮಾಚಾರವಾಯಿತು. ಆಮೇಲೆ ಸ್ವಲ್ಪ ತಡೆದು ಕೇಳಿದಳು:

“ಅಮ್ಮ, ಮೊಲದ ಪಾಲು ತಂದಿದ್ದೇನೆ. ಒಂದು ದೊಡ್ಡ ಕಟ್ಟು. ಖಾರಕ್ಕೆ ಮೆಣಸು ಎಷ್ಟು ಹಾಕಬೇಕು?”